ಒಂದೇ ಡ್ರಾಯರ್‌ನಲ್ಲಿ ಎರಡು ಡೋಂಗಲ್

ಬೆಂಗಳೂರಿನ ಯಾವ ಐಟಿ ಕಂಪನಿಯಲ್ಲಿದ್ದರೂ ವರ್ಷಕ್ಕೊಮ್ಮೆ ಸೈಬರ್ ಸೆಕ್ಯುರಿಟಿ ಟ್ರೈನಿಂಗ್ ಅಂತ ಒಂದು ಮೇಲ್ ಬರುತ್ತದೆ. ಕಡ್ಡಾಯ. ನಲವತ್ತು ನಿಮಿಷದ ವಿಡಿಯೊ, ಅದರಲ್ಲಿ ಹೂಡಿ ಹಾಕಿಕೊಂಡು ಕತ್ತಲಲ್ಲಿ ಕೂತ ಒಬ್ಬ ಹ್ಯಾಕರ್, ಕೊನೆಗೆ ಹತ್ತು ಪ್ರಶ್ನೆ. ಮುಗಿಸಿದರೆ ಸರ್ಟಿಫಿಕೇಟ್, ಮುಗಿಸದಿದ್ದರೆ ಮ್ಯಾನೇಜರ್‌ಗೆ ಸಿಸಿ ಹಾಕಿದ ರಿಮೈಂಡರ್. ಕಂಪನಿ ಬದಲಾಗಬಹುದು, ವಿಡಿಯೊ ಬದಲಾಗಬಹುದು, ಒಂದು ವಾಕ್ಯ ಮಾತ್ರ ತಪ್ಪದೆ ಬರುತ್ತದೆ: ‘ಭದ್ರತೆಯ ಸರಪಳಿಯಲ್ಲಿ ಮನುಷ್ಯನೇ ಅತ್ಯಂತ ದುರ್ಬಲ ಕೊಂಡಿ.’

ಈ ವಾಕ್ಯದ ಮೇಲೆ ನನಗೆ ತಕರಾರಿದೆ. ಅದು ಪೂರ್ತಿ ಸುಳ್ಳು ಅಂತ ಹೇಳ್ತಿಲ್ಲ. ವೆರಿಜಾನ್ ಕಂಪನಿ ಪ್ರತಿವರ್ಷ ಹೊರಡಿಸುವ ಡೇಟಾ ಸೋರಿಕೆ ವರದಿಯ 2024ರ ಆವೃತ್ತಿ, 68% ಸೋರಿಕೆಗಳಲ್ಲಿ ಕೆಟ್ಟ ಉದ್ದೇಶವಿಲ್ಲದ ಮನುಷ್ಯರೊಬ್ಬರ ಪಾತ್ರ ಇತ್ತು ಅಂತ ಲೆಕ್ಕ ಕೊಟ್ಟಿದೆ. ಸರಿ. ಆದರೆ ಊರ ಹೊರಗಿನ ಒಂದೇ ತಿರುವಿನಲ್ಲಿ ತಿಂಗಳಿಗೆ ಹತ್ತು ಬೈಕ್ ಬಿದ್ದರೆ, ಹತ್ತೂ ಜನಕ್ಕೆ ಬೈಕ್ ಓಡಿಸೋಕೆ ಬರಲ್ಲ ಅಂತೀವಾ, ತಿರುವೇ ಸರಿ ಇಲ್ಲ ಅಂತೀವಾ? ಸೈಬರ್ ಭದ್ರತೆಯಲ್ಲಿ ಮಾತ್ರ ನಾವು ಬಿದ್ದವರಿಗೇ ಮತ್ತೊಂದು ವಿಡಿಯೊ ತೋರಿಸ್ತೀವಿ. ತಿರುವು ಹಾಗೇ ಇರುತ್ತದೆ.

ಇದನ್ನು ಟೆಕ್ ಪಾರ್ಕಿನ ಉದಾಹರಣೆ ಕೊಟ್ಟು ಹೇಳಬಹುದು. ಆದರೆ ನಮ್ಮ ಆಫೀಸುಗಳಲ್ಲಿ ತಿರುವುಗಳ ಮೇಲೆ ಡ್ಯಾಶ್‌ಬೋರ್ಡು, ಪಾಲಿಸಿ, ಆಡಿಟ್ ಅಂತ ಕಾರ್ಪೆಟ್ ಹಾಸಿರುತ್ತದೆ, ಸುಲಭಕ್ಕೆ ಕಾಣುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಕಾರ್ಪೆಟ್ ಇಲ್ಲ. ಅಲ್ಲಿನ ಪಂಚಾಯಿತಿ, ಸೊಸೈಟಿ, ಬ್ಯಾಂಕ್ ಮಿತ್ರನ ಮೇಜು ಎಲ್ಲವೂ ಈಗ ಪಾಸ್‌ವರ್ಡು, ಒಟಿಪಿ, ಬೆರಳಚ್ಚಿನ ಮೇಲೆ ನಡೆಯುವ ಸಂಸ್ಥೆಗಳೇ. ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎನಿಸಿಕೊಂಡ ಈ ಜಿಲ್ಲೆಯಲ್ಲಿ ಸರ್ಕಾರದ ಹಣ ಜನರ ಕೈಗೆ ಬರುವುದೇ ಈ ಪರದೆಗಳ ಮೂಲಕ. ಇಲ್ಲಿ ವ್ಯವಸ್ಥೆ ತಪ್ಪಿದರೆ ಹೋಗುವುದು ಯಾರದೋ ತಿಂಗಳ ರೇಷನ್ ದುಡ್ಡು.

ದೇವದುರ್ಗ ಕಡೆಯ ಒಂದು ಗ್ರಾಮ ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಿ. ಹಣ ಬಿಡುಗಡೆಗೆ ಇಬ್ಬರ ಡಿಜಿಟಲ್ ಸಹಿ ಬೇಕು. ಸಹಿಯ ಕೀಲಿ ಒಂದು ಸಣ್ಣ ಯುಎಸ್‌ಬಿ ಕಡ್ಡಿಯಲ್ಲಿರುತ್ತದೆ. ಊರಲ್ಲಿ ಅದಕ್ಕೆ ಡೋಂಗಲ್ ಅಂತಾರೆ. ಒಬ್ಬರು ತಯಾರು ಮಾಡಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆಯುವ ನಾವು ಇದನ್ನ ಮೇಕರ್-ಚೆಕರ್ ಅಂತ ಕರೆದು ಬಹಳ ಹೆಮ್ಮೆಪಡ್ತೀವಿ. ಕಾಗದದ ಮೇಲೆ ಗಟ್ಟಿ ವ್ಯವಸ್ಥೆ. ಆದರೆ ಕಲ್ಯಾಣ ಕರ್ನಾಟಕದಲ್ಲಿ ಪಂಚಾಯಿತಿ ಮೆಟ್ಟಿಲು ಹತ್ತಿದ ಯಾರನ್ನು ಕೇಳಿದರೂ ಒಂದು ಮಾತು ಹೇಳ್ತಾರೆ: ಎಷ್ಟೋ ಕಡೆ ಎರಡೂ ಡೋಂಗಲ್ ಒಂದೇ ಡ್ರಾಯರ್‌ನಲ್ಲಿ, ಕಂಪ್ಯೂಟರ್ ಆಪರೇಟರ್ ಹತ್ತಿರ ಇರ್ತಾವ. ಪಿನ್ನು ಡೋಂಗಲ್ ಮೇಲೇ ಅಂಟಿಸಿದ ಚೀಟಿಯಲ್ಲಿ.

ಇದನ್ನು ಕೇಳಿದ ತಕ್ಷಣ ‘ಅವೇರ್‌ನೆಸ್ ಇಲ್ಲ’ ಅಂತ ತೀರ್ಪು ಕೊಡಬೇಡಿ. ಡೋಂಗಲ್ ಯಾಕೆ ಅಲ್ಲಿಗೆ ಹೋಯಿತು ನೋಡಿ. ಅಧ್ಯಕ್ಷೆ ಮೀಸಲಾತಿಯಲ್ಲಿ ಗೆದ್ದು ಬಂದ ಹೆಣ್ಣುಮಗಳು, ಬೆಳಗ್ಗೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರ್ತಾರೆ. ಅಭಿವೃದ್ಧಿ ಅಧಿಕಾರಿಗೆ ಒಂದಕ್ಕಿಂತ ಹೆಚ್ಚು ಪಂಚಾಯಿತಿಯ ಚಾರ್ಜು, ಜೊತೆಗೆ ತಾಲ್ಲೂಕು ಪಂಚಾಯಿತಿ ಮೀಟಿಂಗು. ನೆಟ್‌ವರ್ಕು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ‘ಈಗ ಸರ್ವರ್ ಓಪನ್ ಆಗೇತಿ, ಈಗಲೇ ಮಾಡಬೇಕ್ರಿ’ ಅನ್ನುವ ಆ ಇಪ್ಪತ್ತು ನಿಮಿಷದಲ್ಲಿ ಇಬ್ಬರ ಸಹಿಯೂ ಆಗಬೇಕು. ಅದು ಆಗದಿದ್ದರೆ ಕೂಲಿ ತಡ. ಕೂಲಿ ತಡವಾದರೆ ಬೈಗುಳ ತಿನ್ನುವವ ಆ ಆಪರೇಟರ್. ಹಾಗಾಗಿ ಡೋಂಗಲ್ ತಾನಾಗೇ ನಡೆದುಕೊಂಡು ಅವನ ಡ್ರಾಯರ್‌ಗೆ ಬಂತು. ಎರಡು ಬೀಗದ ಪೆಟ್ಟಿಗೆಗೆ ಒಂದೇ ಕೀಲಿಯಾಯಿತು. ಮುಂದೊಂದು ದಿನ ಆಡಿಟ್ ಬಂದಾಗ, ದಾಖಲೆಯ ಪ್ರಕಾರ ಇಬ್ಬರೂ ಸಹಿ ಮಾಡಿದ್ದಾರೆ. ಏನು ಪಾಸಾಯಿತು ಅಂತ ನೋಡದೇ ಇದ್ದ ಹೆಣ್ಣುಮಗಳೂ ಕಾನೂನಿನ ಕಣ್ಣಲ್ಲಿ ‘ನೋಡಿ ಒಪ್ಪಿದವರು’.

ಇನ್ನೊಂದು ಉದಾಹರಣೆ ನರೇಗಾದ್ದೇ. ಸುಳ್ಳು ಹಾಜರಿ ತಡೆಯಲು ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್ ತಂದು, 2023ರ ಜನವರಿ 1ರಿಂದ ಬಹುತೇಕ ಎಲ್ಲ ಕಾಮಗಾರಿಗಳಿಗೂ ಕಡ್ಡಾಯ ಮಾಡಿದರು. ಕೂಲಿಕಾರರ ಫೋಟೊ ದಿನಕ್ಕೆರಡು ಸಲ ಸ್ಥಳದಿಂದಲೇ ಅಪ್‌ಲೋಡ್ ಆಗಬೇಕಿತ್ತು. ಎರಡೂವರೆ ವರ್ಷದ ನಂತರ, 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು: ಸಂಬಂಧವಿಲ್ಲದ ಫೋಟೊ ಹಾಕ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕ್ತಿದ್ದಾರೆ, ಫೋಟೊದಲ್ಲಿ ಇರುವ ತಲೆಗೂ ಹಾಜರಿಯ ಲೆಕ್ಕಕ್ಕೂ ತಾಳೆಯಿಲ್ಲ. ಪರಿಹಾರ ಏನು? ಪಂಚಾಯಿತಿ ಮಟ್ಟದಲ್ಲಿ ಎಲ್ಲಾ ಫೋಟೊಗಳನ್ನೂ ಮನುಷ್ಯರೇ ಕೂತು ನೋಡಬೇಕು! ಮನುಷ್ಯರನ್ನು ನಂಬದೆ ಕಟ್ಟಿದ ವ್ಯವಸ್ಥೆ ಕೊನೆಗೆ ಮನುಷ್ಯರ ಹತ್ತಿರವೇ ಬಂದು ನಿಂತಿತು. ನಡುವೆ ಕದಿಯುವವನಿಗೆ ಫೋಟೊದ ಫೋಟೊ ಸಾಕಾಯಿತು. ನೆಟ್‌ವರ್ಕ್ ಸಿಗದ ಗುಡ್ಡದಲ್ಲಿ ನಿಜವಾಗಿ ಮಣ್ಣು ಹೊತ್ತವಳ ಹಾಜರಿಗೆ ಮಾತ್ರ ಸಂಚಕಾರ ಬಂತು.

ಇವೆರಡರಲ್ಲೂ ಒಂದೇ ಪಾಠ ಇದೆ. ನಿಯಮ ಕೆಲಸಕ್ಕೆ ಅಡ್ಡ ಬಂದಾಗ ಜನ ಕೆಲಸ ಬಿಡುವುದಿಲ್ಲ, ನಿಯಮವನ್ನು ಸುತ್ತಿಕೊಂಡು ಹೋಗುವ ಕಾಲುದಾರಿ ಮಾಡ್ತಾರೆ. ಆ ಕಾಲುದಾರಿಯೇ ಸಂಸ್ಥೆಯ ನಿಜವಾದ ಭದ್ರತಾ ನೀತಿ. ಪಿಡಿಎಫ್‌ನಲ್ಲಿ ಇರುವುದು ಆಡಿಟರ್‌ಗೆ.

ಇದೇನು ಹೊಸ ತಿಳಿವಳಿಕೆ ಅಲ್ಲ. ಅಮೆರಿಕದ ಎಂಐಟಿಯ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಕಂಪ್ಯೂಟರ್ ಭದ್ರತೆಗೆ ಎಂಟು ತತ್ವಗಳನ್ನು ಬರೆದರು. ಮೊದಲನೆಯದು, ವ್ಯವಸ್ಥೆ ಆದಷ್ಟು ಸರಳವಾಗಿ, ಚಿಕ್ಕದಾಗಿ ಇರಲಿ. ಎಂಟನೆಯದು, ಬಳಸುವವರ ಮನಸ್ಸಿಗೆ ಒಗ್ಗುವಂತೆ ಇರಲಿ. ಸರಿಯಾಗಿ ಬಳಸುವುದೇ ಸುಲಭದ ದಾರಿಯಾಗಲಿ. ನಡುವಿನ ಆರರಲ್ಲಿ ಬಹಳಷ್ಟನ್ನು ನಮ್ಮ ಇಂಡಸ್ಟ್ರಿ ಪ್ರಾಡಕ್ಟ್ ಮಾಡಿ ಮಾರಿತು. ಮೊದಲನೆಯದನ್ನೂ ಕೊನೆಯದನ್ನೂ ಮಾರೋಕಾಗಲ್ಲ, ಹಾಗಾಗಿ ಮರೆತಿತು. 1999ರಲ್ಲಿ ಲಂಡನ್ನಿನ ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸ್ ಕಂಪನಿ ನೌಕರರ ಪಾಸ್‌ವರ್ಡ್ ಅಭ್ಯಾಸಗಳನ್ನು ಅಧ್ಯಯನ ಮಾಡಿ, ಬಳಕೆದಾರರು ಶತ್ರುಗಳಲ್ಲ ಅನ್ನುವ ಅರ್ಥದ ಶೀರ್ಷಿಕೆಯಲ್ಲೇ ಪ್ರಬಂಧ ಬರೆದರು. ಜನ ಪಾಸ್‌ವರ್ಡ್ ಬರೆದಿಡುವುದು ಸೋಮಾರಿತನಕ್ಕಲ್ಲ, ನೆನಪಿಗೆ ಮೀರಿದ ಸಂಖ್ಯೆಯ ಪಾಸ್‌ವರ್ಡುಗಳನ್ನು ಹೇರಿದ್ದಕ್ಕೆ ಅಂತ ತೋರಿಸಿದರು.

ಪಾಸ್‌ವರ್ಡಿನ ಕಥೆಯಂತೂ ಇನ್ನೂ ಮಜಾ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಬೇಕು, ಆಗಾಗ ಬದಲಿಸಬೇಕು ಅನ್ನುವ ಸಲಹೆ ಜಗತ್ತಿಗೆಲ್ಲ ಹಬ್ಬಿದ್ದರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2003ರ ಮಾರ್ಗಸೂಚಿಯ ಪಾತ್ರ ದೊಡ್ಡದು. ಅದನ್ನು ಬರೆದ ಬಿಲ್ ಬರ್ 2017ರಲ್ಲಿ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆಗೆ, ತಾನು ಮಾಡಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದರು. ಅದೇ ವರ್ಷ ಎನ್‌ಐಎಸ್‌ಟಿ, ಸೋರಿಕೆಯಾದ ಸುಳಿವಿಲ್ಲದಿದ್ದರೆ ಸುಮ್ಮನೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ ಅಂತ ಮಾರ್ಗಸೂಚಿ ತಿದ್ದಿತು. ನಿಮ್ಮ ಆಫೀಸಿನಲ್ಲಿ ಇನ್ನೂ 90 ದಿನಕ್ಕೊಮ್ಮೆ ಬದಲಿಸಿ ಅಂತ ಕೇಳುತ್ತಾ? ಮಾನ್ವಿಯ ಯಾವುದೋ ಸೊಸೈಟಿಯ ಕ್ಲರ್ಕ್ ಊರ ಹೆಸರಿನ ಮುಂದೆ ಅಟ್, ಅದರ ಮುಂದೆ ಒಂದು, ಎರಡು, ಮೂರು ಅಂತ ತಿಂಗಳ ಲೆಕ್ಕದಲ್ಲಿ ಏರಿಸುತ್ತಾ ಹೋಗ್ತಾನೆ. ನಿಮ್ಮ ಟೀಮಿನ ಸೀನಿಯರ್ ಆರ್ಕಿಟೆಕ್ಟ್ ಕೂಡ ಅದನ್ನೇ ಮಾಡ್ತಾನೆ, ಊರ ಹೆಸರಿನ ಬದಲು ಮಗಳ ಹೆಸರು ಅಷ್ಟೇ.

ಈಗ ಮಾನ್ವಿಗೇ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನಾಟಿ, ಕಳೆ, ಮೆಣಸಿನಕಾಯಿ ಬಿಡಿಸುವುದು ಅಂತ ದುಡಿದ ಹೆಂಗಸರ ಬೆರಳಿನ ಗೆರೆಗಳು ಸವೆದಿರುತ್ತವೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನೋ ಪೆನ್ಷನ್ನನ್ನೋ ತೆಗೆಯಲು ಬ್ಯಾಂಕ್ ಮಿತ್ರನ ಹತ್ತಿರ ಹೋದರೆ ‘ಥಂಬ್ ಬರವಲ್ದು, ಕೈ ತೊಳಕೊಂಡು ಬಾ ಯವ್ವಾ’ ಅಂತ ಎರಡು ಮೂರು ಸಲ ಬೆರಳು ಇಡಿಸ್ತಾರೆ. ಮೊದಲ ಸಲ ನಿಜವಾಗಿಯೂ ಫೇಲ್ ಆಯಿತಾ, ದುಡ್ಡು ಹೋಗಿ ಆಮೇಲೆ ಫೇಲ್ ಅಂದರಾ, ಆಕೆಗೆ ತಿಳಿಯುವ ದಾರಿ ಆ ಪುಟ್ಟ ಪರದೆಯಲ್ಲಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ಈ ಪದ್ಧತಿಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ಸರಳವೇ. ಆದರೆ ಈ ಸರಳತೆ ನಿಂತಿರುವುದು ಬೆರಳಚ್ಚು ಗುಟ್ಟಾಗಿ ಇರುತ್ತದೆ ಅನ್ನುವ ನಂಬಿಕೆಯ ಮೇಲೆ.

2023ರಲ್ಲಿ ಆ ನಂಬಿಕೆ ಕರ್ನಾಟಕದಲ್ಲೇ ಕುಸಿಯಿತು. ಯಾವ ಲಿಂಕನ್ನೂ ಒತ್ತದ, ಯಾರಿಗೂ ಒಟಿಪಿ ಹೇಳದ ಬೆಂಗಳೂರಿನ ಜನರ ಖಾತೆಯಿಂದ ಹತ್ತತ್ತು ಸಾವಿರ ಮಾಯವಾಗತೊಡಗಿತು. ಪೊಲೀಸರು ಜಾಡು ಹಿಡಿದು ಹೋದರೆ ಸಿಕ್ಕಿದ್ದು ಆಸ್ತಿ ನೋಂದಣಿ ಪತ್ರಗಳು. ಕಾವೇರಿ ಜಾಲತಾಣದಿಂದ ಪಡೆಯಬಹುದಾಗಿದ್ದ ಪತ್ರಗಳಲ್ಲಿ ಮಾರಿದವರ, ಕೊಂಡವರ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚಿನ ಗುರುತೂ ಇತ್ತು. ಅದನ್ನೇ ನಕಲು ಮಾಡಿ ಹಣ ತೆಗೆದಿದ್ದರು. ಇಲ್ಲಿ ದುರ್ಬಲ ಕೊಂಡಿ ಯಾರು ಹೇಳಿ? ಸೈಟು ಕೊಂಡು ಸರ್ಕಾರಿ ಆಫೀಸಿನಲ್ಲಿ ಸರ್ಕಾರ ಹೇಳಿದ ಕಡೆ ಬೆರಳಿಟ್ಟವನಾ?

ಆಮೇಲೆ ನಾಗರಿಕರಿಗೆ ಬಂದ ಉಪದೇಶ: ನಿಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ನನಗೂ ನಿಮಗೂ ಅದು ಎರಡು ನಿಮಿಷದ ಕೆಲಸ. ಮಾನ್ವಿಯ ಆ ಹೆಂಗಸು ಅದನ್ನು ಮಾಡಬೇಕಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು, ಆ್ಯಪ್ ಬೇಕು, ಒಟಿಪಿ ಬೇಕು. ಪ್ರತಿಸಲ ಹಣ ತೆಗೆಯುವ ಮುಂಚೆ ಹತ್ತು ನಿಮಿಷಕ್ಕೆ ಅನ್‌ಲಾಕ್ ಮಾಡಬೇಕು. ಇದನ್ನೆಲ್ಲ ಮಾಡಿಕೊಡುವವರು ಯಾರು? ಅದೇ ಬ್ಯಾಂಕ್ ಮಿತ್ರ. ಯಾರಿಂದ ಕಾಪಾಡಿಕೊಳ್ಳಬೇಕೋ ಅವರ ಕೈಗೇ ಫೋನ್ ಕೊಡಬೇಕಾದ ಭದ್ರತೆ ಇದು. ಕೆಲಸಕ್ಕೆ ಬಂದ ಪರಿಹಾರ ಬೇರೆಯೇ ಇತ್ತು, ಬಹಳ ಸಣ್ಣದಿತ್ತು. ನೋಂದಣಿ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚಿತು. ಕೋಟಿ ಜನರಿಗೆ ಪಾಠ ಹೇಳುವ ಬದಲು ಒಂದು ಕಡೆ ಒಂದು ಚೌಕವನ್ನು ಕಪ್ಪು ಮಾಡುವುದು. ಬೇಡದ್ದನ್ನು ಇಟ್ಟುಕೊಳ್ಳಬೇಡ, ಬೇಡದ್ದನ್ನು ತೋರಿಸಬೇಡ. ಸರಳತೆ ಅಂದರೆ ನಾನು ಹೇಳ್ತಿರುವುದು ಇದನ್ನೇ: ಕಷ್ಟವನ್ನು ಕೌಂಟರ್‌ನ ಆಚೆ ನಿಂತವರಿಗೆ ದಾಟಿಸದೆ ವ್ಯವಸ್ಥೆಯೇ ಹೊತ್ತುಕೊಳ್ಳುವುದು.

ಮನುಷ್ಯ ದುರ್ಬಲ ಅನ್ನುವ ವಾಕ್ಯ ಇನ್ನೊಂದನ್ನೂ ಮುಚ್ಚಿಡುತ್ತದೆ. ಎಷ್ಟೋ ಕಳ್ಳತನಗಳನ್ನು ಹಿಡಿದಿರುವುದು ಮನುಷ್ಯರೇ. ಹೊಸಪೇಟೆಯಲ್ಲಿ ಕೇಂದ್ರ ಕಚೇರಿ ಇರುವ ಬಿಡಿಸಿಸಿ ಸಹಕಾರಿ ಬ್ಯಾಂಕಿನಲ್ಲಿ 2025ರ ಜನವರಿಯಲ್ಲಿ ಏನಾಯಿತು ನೋಡಿ. ಗ್ರಾಹಕರ ಆರ್‌ಟಿಜಿಎಸ್, ನೆಫ್ಟ್ ಹಣ ಇನ್ನೊಂದು ಬ್ಯಾಂಕಿನ ಮೂಲಕ ಹೋಗಬೇಕಿತ್ತು. ವರದಿಗಳ ಪ್ರಕಾರ, ಆ ದಾರಿಯಲ್ಲಿ ಕಳಿಸುವ ಫೈಲಿನಲ್ಲಿ ಕಳ್ಳರು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಮಾತ್ರ ಬದಲಿಸಿದರು. ಹೆಸರುಗಳನ್ನು ಹಾಗೇ ಬಿಟ್ಟರು. ಸುಮಾರು 2.34 ಕೋಟಿ ರೂಪಾಯಿ ಉತ್ತರದ ರಾಜ್ಯಗಳ ಖಾತೆಗಳಿಗೆ ಹೋಯಿತು. ಹೆಸರು ಸರಿಯಾಗಿದೆ, ಮೊತ್ತ ಸರಿಯಾಗಿದೆ, ಯಂತ್ರಕ್ಕೆ ಎಲ್ಲವೂ ಸರಿಯಾಗೇ ಕಂಡಿತು. ಹಣ ಮುಟ್ಟಿಲ್ಲ ಅಂತ ಗ್ರಾಹಕರು ಬಂದು ಕೇಳಿದಾಗಲೇ ಬ್ಯಾಂಕಿಗೆ ಗೊತ್ತಾಗಿದ್ದು.

ನಮ್ಮಲ್ಲಿ ಹೀಗೆ ಹಣ ಕಳಿಸುವಾಗ ಯಂತ್ರ ಓದುವುದು ಖಾತೆ ಸಂಖ್ಯೆಯನ್ನು, ಮನುಷ್ಯ ಓದುವುದು ಹೆಸರನ್ನು. ಕಳ್ಳ ಕೂತಿದ್ದು ಇವೆರಡರ ನಡುವಿನ ಸಂದಿಯಲ್ಲಿ. ಕಳಿಸುವ ಮುಂಚೆಯೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿದ್ದು 2024ರ ಡಿಸೆಂಬರ್ 30ರಂದು, ಅಂದರೆ ಈ ಕಳ್ಳತನಕ್ಕೆ ಕೆಲವೇ ದಿನ ಮೊದಲು. ಆ ಸೌಲಭ್ಯ ಇದ್ದಿದ್ದರೂ ದಾರಿ ಮಧ್ಯೆ ತಿದ್ದಿದ ಫೈಲನ್ನು ತಡೆಯುತ್ತಿರಲಿಲ್ಲ, ನಿಜ. ಆದರೆ ಮನುಷ್ಯ ಓದಬಲ್ಲದ್ದನ್ನು ಮನುಷ್ಯನಿಗೆ ತೋರಿಸಿ ಅನ್ನುವ ದಿಕ್ಕು ಸರಿಯಾದದ್ದು.

ರಾಯಚೂರು ಎಪಿಎಂಸಿಯ ಹತ್ತಿ ಅಡತಿ ಅಂಗಡಿಗಳಲ್ಲಿ ಈ ದಿಕ್ಕು ಮೊದಲಿಂದ ಗೊತ್ತು. ದೊಡ್ಡ ಮೊತ್ತ ಕಳಿಸಿದ ಮೇಲೆ ಗುಮಾಸ್ತ ಒಂದು ಫೋನ್ ಹಚ್ಚುತ್ತಾನೆ: ‘ರೊಕ್ಕ ಬಂತೇನ್ರಿ?’ ಪಾರ್ಟಿ ಖಾತೆ ಬದಲಾಗಿದೆ ಅಂತ ಮೆಸೇಜ್ ಬಂದರೂ ಅಷ್ಟೇ, ಮೆಸೇಜ್‌ನಲ್ಲಿದ್ದ ನಂಬರಿಗಲ್ಲ, ತನ್ನ ಹಳೇ ವಹಿಯಲ್ಲಿರುವ ನಂಬರಿಗೆ ಮಾಡುತ್ತಾನೆ. ‘ಸಾವ್ಕಾರ್ರ, ಖಾತಾ ನೀವಽ ಬದ್ಲಿ ಮಾಡೀರೇನು?’ ಮಲ್ಟಿನ್ಯಾಷನಲ್ ಕಂಪನಿಗಳು ಕೋಟಿಗಟ್ಟಲೆ ಕಳಕೊಂಡ ಮೇಲೆ ಕಾಲ್‌ಬ್ಯಾಕ್ ವೆರಿಫಿಕೇಶನ್ ಅಂತ ದೊಡ್ಡ ಹೆಸರಿಟ್ಟು ಪಾಲಿಸಿ ಬರೆದದ್ದು ಇದನ್ನೇ. ಗುಮಾಸ್ತನ ಪದ್ಧತಿ ಯಾಕೆ ಉಳಿಯಿತು? ಒಂದೇ ಹೆಜ್ಜೆ, ಖರ್ಚಿಲ್ಲ, ಯಾಕೆ ಮಾಡ್ತೀವಿ ಅಂತ ಅವನಿಗೆ ಗೊತ್ತು, ಮಾಡಿದರೆ ಯಾರೂ ಬೈಯಲ್ಲ.

ದೊಡ್ಡ ಜಗತ್ತಿನಲ್ಲೂ ಇದೇ. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಸುಮಾರು 95 ಕೋಟಿ ಡಾಲರ್ ಎಗರಿಸಲು ಹೊರಟವರು 8.1 ಕೋಟಿ ಡಾಲರ್ ಅಷ್ಟೇ ದಕ್ಕಿಸಿಕೊಂಡರು. ಶ್ರೀಲಂಕಾಗೆ ಹೊರಟಿದ್ದ 2 ಕೋಟಿ ಡಾಲರ್ ನಿಂತಿದ್ದು, ‘ಫೌಂಡೇಶನ್’ ಎಂಬ ಪದದ ಸ್ಪೆಲ್ಲಿಂಗ್ ತಪ್ಪಿದ್ದು ನಡುವಿನ ಬ್ಯಾಂಕಿನವರ ಕಣ್ಣಿಗೆ ಬಿದ್ದು ಅವರು ವಿಚಾರಿಸಿದ್ದರಿಂದ.

ಹಾಗಾದರೆ ಜನರ ಆ ಕಣ್ಣನ್ನು ನಾವು ಹೇಗೆ ನೋಡಿಕೊಳ್ತಿದ್ದೀವಿ? ಕಂಪನಿಗಳು ಸುಳ್ಳು ಫಿಶಿಂಗ್ ಮೇಲ್ ಕಳಿಸಿ, ಕ್ಲಿಕ್ ಮಾಡಿದವರನ್ನು ಹಿಡಿದು, ಮತ್ತೆ ಅದೇ ವಿಡಿಯೊ ಮುಂದೆ ಕೂರಿಸ್ತವೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಸಂಶೋಧಕರು ಒಂದು ಕಂಪನಿಯ 14,733 ನೌಕರರ ಮೇಲೆ 15 ತಿಂಗಳು ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಕ್ಲಿಕ್ ಮಾಡಿದ ಕೂಡಲೇ ಪಾಠ ಹೇಳುವ ಆ ಪದ್ಧತಿ ನೌಕರರನ್ನು ಗಟ್ಟಿ ಮಾಡಲಿಲ್ಲ, ಇನ್ನಷ್ಟು ಮೋಸಹೋಗುವಂತೆ ಮಾಡಿತು. ಅದೇ ಅಧ್ಯಯನದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದು: ಅನುಮಾನ ಬಂದ ಮೇಲನ್ನು ಒಂದು ಗುಂಡಿ ಒತ್ತಿ ತಿಳಿಸುವ ಅವಕಾಶ. ಸಾವಿರಾರು ಜನರಲ್ಲಿ ಯಾರಾದರೊಬ್ಬರು ಬೇಗ ಗುರುತಿಸುತ್ತಿದ್ದರು, ತಿಂಗಳುಗಳು ಕಳೆದರೂ ತಿಳಿಸುವುದನ್ನು ಬಿಡಲಿಲ್ಲ. ಮನುಷ್ಯರನ್ನು ಪರೀಕ್ಷೆ ಬರೆಯುವ ದಡ್ಡ ಮಕ್ಕಳಂತೆ ನೋಡಿದಾಗ ಸೋತರು, ಕಾವಲುಗಾರರಂತೆ ನೋಡಿದಾಗ ಗೆದ್ದರು.

ನಮ್ಮ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಅಂತ ಸಂಸ್ಥೆಗಳಿಗೆ ಆದೇಶಿಸಿತು. ಒಳ್ಳೆಯದೇ. ಆದರೆ ಗಮನಕ್ಕೆ ತರುವವರು ಯಾರು? ಕ್ಲಿಕ್ ಮಾಡಿದವನಿಗೆ ಅಪ್ರೈಸಲ್‌ನಲ್ಲಿ ಹೊಡೆತ ಬೀಳುತ್ತದೆ ಅಂತಾದರೆ ಅವನು ಲ್ಯಾಪ್‌ಟಾಪ್ ಮುಚ್ಚಿ ಎರಡು ದಿನ ಸುಮ್ಮನಿರುತ್ತಾನೆ. ಡ್ರಾಯರ್‌ನಲ್ಲಿ ಡೋಂಗಲ್ ಇಟ್ಟುಕೊಂಡ ಆಪರೇಟರ್, ತಪ್ಪು ಖಾತೆಗೆ ಹಣ ಹೋಗಿದ್ದನ್ನು ಕಂಡರೂ ಬಾಯಿ ಬಿಡಲ್ಲ, ಬಿಟ್ಟರೆ ಮೊದಲ ಕೇಸು ಅವನ ಮೇಲೆ. ಹೆದರಿದ ಜನ ಇರುವ ಕಡೆ 6 ಗಂಟೆಯ ಗಡಿಯಾರ ಶುರುವೇ ಆಗಲ್ಲ.

ನಮ್ಮ ಇಂಡಸ್ಟ್ರಿಗೆ ಕೋಟೆಯ ಹೋಲಿಕೆ ಬಹಳ ಇಷ್ಟ, ಎಲ್ಲದಕ್ಕೂ ವಾಲ್ ಅಂತಾರೆ. ರಾಯಚೂರಿನ ಕೋಟೆಯನ್ನೇ ತಗೊಳ್ಳಿ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಆದದ್ದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ರಾಯರ ಕಡೆಯಿದ್ದ ಪೋರ್ಚುಗೀಸ್ ಬಂದೂಕುಗಾರರು ಗೋಡೆ ಮೇಲೆ ತಲೆಯೆತ್ತಿದವರಿಗೆಲ್ಲ ಗುಂಡು ಹೊಡೆದರು. ಕಾವಲಿನವರು ಗೋಡೆ ಬಿಟ್ಟು ಸರಿದರು. ಆಮೇಲೆ ಸೈನಿಕರು ಬುಡದಲ್ಲಿ ನಿಂತು ಆರಾಮಾಗಿ ಕಲ್ಲು ಕಿತ್ತರು. ಆ ದೈತ್ಯ ಕಲ್ಲುಗಳನ್ನು ಈಗಲೂ ಹೋಗಿ ನೋಡಬಹುದು. ತಲೆಯೆತ್ತಿ ನೋಡುವವರು ಇಲ್ಲದ ಗೋಡೆ ಬರೀ ಕಲ್ಲಿನ ರಾಶಿ. ತಲೆಯೆತ್ತಿದವರ ಮೇಲೆ ನಾವೇ ಒಳಗಿನಿಂದ ಗುಂಡು ಹೊಡೆಯುತ್ತಾ ಕೂತರೆ ಕೃಷ್ಣದೇವರಾಯ ಬರುವ ತನಕ ಕಾಯಬೇಕಿಲ್ಲ.

ಇದಕ್ಕೊಂದು ಎದುರುಮಾತು ಇದೆ, ಅದು ಹಗುರದ್ದಲ್ಲ. ಒಳಗಿನವರೇ ಕಳ್ಳರಾದರೆ? ಆಪರೇಟರೇ, ಅಧಿಕಾರಿಯೇ ದುಡ್ಡು ಹೊಡೆದರೆ? ಹೊಡೀತಾರೆ, ಎಲ್ಲರಿಗೂ ಗೊತ್ತು. ಎರಡು ಸಹಿ ಬೇಕಾಗಿರುವುದೇ ಅದಕ್ಕೆ. ನಾನು ಹೇಳ್ತಿರುವುದು ಎರಡನೇ ಸಹಿಯನ್ನು ತೆಗೆಯಿರಿ ಅಂತಲ್ಲ, ಅದನ್ನು ನಿಜವಾಗಿ ಮಾಡಲು ಸಾಧ್ಯವಾಗುವಂತೆ ಮಾಡಿ ಅಂತ. ಎಫ್‌ಟಿಒ, ಡಿಎಸ್‌ಸಿ, ಪಿಎಫ್‌ಎಂಎಸ್ ಅನ್ನುವ ಅಕ್ಷರಮಾಲೆಯ ಬದಲು ‘ಇಂಥ ಓಣಿಯ ಚರಂಡಿ ಕೆಲಸಕ್ಕೆ, ಇಂಥವರಿಗೆ, ಇಷ್ಟು ರೂಪಾಯಿ ಕೊಡಲು ಒಪ್ಪುತ್ತೀರಾ?’ ಅಂತ ಕನ್ನಡದಲ್ಲಿ ಕೇಳಿ. ಆ ಓಣಿಯಲ್ಲಿ ಚರಂಡಿಯೇ ಆಗಿಲ್ಲ ಅಂತ ಹೊಲದಲ್ಲಿ ನಿಂತ ಅಧ್ಯಕ್ಷೆಗೆ ಯಾವ ಸರ್ವರ್‌ಗಿಂತ ಚೆನ್ನಾಗಿ ಗೊತ್ತು. ಕಳ್ಳನಿಗೆ ಅನುಕೂಲ ಆಗುವುದು ಗೊಂದಲ. ಯಾರಿಗೂ ಪೂರ್ತಿ ಅರ್ಥವಾಗದ ವ್ಯವಸ್ಥೆಯಲ್ಲಿ ಅರ್ಧ ಅರ್ಥವಾದವನೇ ರಾಜ.

ಹಾಗಾಗಿ ಮುಂದಿನ ಸಲ ನಿಮ್ಮ ಟೀಮ್ ಹೊಸ ಸೆಕ್ಯುರಿಟಿ ಕಂಟ್ರೋಲ್ ಒಂದನ್ನು ತರುವಾಗ, ಅದನ್ನು ಡಿಸೈನ್ ರಿವ್ಯೂದಲ್ಲಿ ಅಲ್ಲ, ಸಂತೆ ದಿನ ಹನ್ನೊಂದು ಗಂಟೆಗೆ, ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ, ಮೂವತ್ತು ಜನ ಸಾಲಿನಲ್ಲಿ ನಿಂತ ಕೌಂಟರ್‌ನಲ್ಲಿಟ್ಟು ಯೋಚಿಸಿ. ನಾಲ್ಕೇ ಪ್ರಶ್ನೆ. ಇದು ಯಾಕೆ ಅಂತ ಅಲ್ಲಿ ಕೂತವರಿಗೆ ಒಂದು ವಾಕ್ಯದಲ್ಲಿ ಹೇಳಬಹುದಾ? ಪಾಲಿಸಿದರೆ ಅವರ ಕೆಲಸ ನಿಲ್ಲುತ್ತದಾ? ತಪ್ಪಾದಾಗ ಯಾರಿಗೆ ಹೇಳಬೇಕು ಅಂತ ಗೊತ್ತಾ? ಹೇಳಿದರೆ ಕೆಲಸ ಉಳಿಯುತ್ತದಾ? ಇವುಗಳಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ಕಂಟ್ರೋಲ್ ಮೊದಲ ವಾರದಲ್ಲೇ ಡ್ರಾಯರ್ ಸೇರುತ್ತದೆ. ಅಲ್ಲಿಂದ ಮುಂದೆ ಎಷ್ಟೇ ವಿಡಿಯೊ ತೋರಿಸಿದರೂ ಹೊರಗೆ ಬರಲ್ಲ.